ಕೆಲಸಕ್ಕೂ ಆಟಕ್ಕೂ ಒಂದೇ ಹೆಡ್‌ಫೋನ್ ಕೊಳ್ಳುವ ಮುನ್ನ ಮೈಕ್ ತೆರೆದು ಪರೀಕ್ಷಿಸಿ

ಮನೆಯಿಂದ ಕಚೇರಿಯ ಕೆಲಸ ಮಾಡುತ್ತ, ಅದೇ ಕಂಪ್ಯೂಟರಿನಲ್ಲಿ ಸಂಜೆ ಗೆಳೆಯರೊಡನೆ ಆಟವಾಡುವವರು ಎರಡಕ್ಕೂ ಒದಗಲೆಂದು ಒಂದೇ ಬ್ಲೂಟೂತ್ ಹೆಡ್‌ಫೋನ್ ಕೊಳ್ಳಲು ಹೊರಟಿದ್ದರೆ, ದಯವಿಟ್ಟು ಹಣ ಕೊಡುವ ಮುನ್ನ ಇದನ್ನು ಓದಿ. ಹಾಡು ಕೇಳುವಾಗ ಕಿವಿ ತುಂಬುವ ಧ್ವನಿ, ಮೈಕ್ ತೆರೆದ ಕ್ಷಣದಲ್ಲೇ ಇಲ್ಲವಾಗಬಹುದು. ಈ ಸಂಗತಿಯನ್ನು ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುವುದಿಲ್ಲ, ಮಾರುವವರು ತಾವಾಗಿ ಹೇಳುವುದಿಲ್ಲ, ಹಿಂದಿರುಗಿಸಲು ಹೋದಾಗ ಅದನ್ನು ದೋಷವೆಂದು ಒಪ್ಪುವುದೂ ಇಲ್ಲ.

ನಾನು ಮೈಸೂರಿನ ಕುವೆಂಪುನಗರದಲ್ಲಿರುವ ಮನೆಯಿಂದ ಬೆಂಗಳೂರಿನ ಒಂದು ಸಂಸ್ಥೆಯ ಗ್ರಾಹಕ ಸಹಾಯ ವಿಭಾಗಕ್ಕೆ ಕೆಲಸ ಮಾಡುತ್ತೇನೆ. ದಿನದ ಹೆಚ್ಚಿನ ಹೊತ್ತು ಕರೆಗಳಲ್ಲೇ ಕಳೆಯುತ್ತದೆ. ಖಾತೆ ಸಂಖ್ಯೆ, ಮಿಂಚಂಚೆ ವಿಳಾಸ, ಹೆಸರಿನ ಇಂಗ್ಲಿಷ್ ಅಕ್ಷರಗಳು, ಇವನ್ನು ಒಂದೊಂದಾಗಿ ಕೇಳಿ ಬರೆದುಕೊಂಡು, ತಿರುಗಿ ಓದಿ ಹೇಳಿ, ಸರಿಯೆನಿಸಿಕೊಳ್ಳುವುದು ನನ್ನ ಕೆಲಸದ ಮುಖ್ಯ ಭಾಗ. ರಾತ್ರಿ ಊಟವಾದ ಮೇಲೆ ಮಂಡ್ಯದಲ್ಲಿರುವ ಚಿಕ್ಕಪ್ಪನ ಮಗ ಮತ್ತು ಅವನ ಸ್ನೇಹಿತರೊಡನೆ ವ್ಯಾಲರಂಟ್ ಎಂಬ, ತಂಡ ಕಟ್ಟಿ ಗುಂಡು ಹಾರಿಸುವ ಆಟ ಆಡುವ ರೂಢಿಯಿದೆ. ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಸುಮಾರು 5,000 ರೂಪಾಯಿಯ ಒಂದು ಹೆಡ್‌ಫೋನಿನ ವಿವರದಲ್ಲಿ, ಲ್ಯಾಪ್‌ಟಾಪಿನೊಡನೆ ಕರೆಯಲ್ಲೂ ಆಟದಲ್ಲೂ ಒಂದೇ ಗುಣಮಟ್ಟದ ಸ್ಟೀರಿಯೊ ಧ್ವನಿ ದೊರೆಯುತ್ತದೆಂದು ಸ್ಪಷ್ಟವಾಗಿ ಬರೆದಿತ್ತು. ಅದರ ಜೊತೆಗೆ ಎಎನ್‌ಸಿ, ಇಎನ್‌ಸಿ, ಗೇಮಿಂಗ್ ಮೋಡ್, 7.1 ಸರೌಂಡ್, ಬ್ಲೂಟೂತ್ 5.3 ಎಂಬ ಸಾಲು ಸಾಲು ಗುಣವಿಶೇಷಗಳಿದ್ದವು. ಆ ಮಾತನ್ನು ನಂಬಿ ಕೊಂಡೆ.

ಬಂದ ದಿನ ಹಾಡು ಕೇಳಿದಾಗ ಯಾವ ಕೊರತೆಯೂ ಕಾಣಲಿಲ್ಲ. ಮರುದಿನ ಕೆಲಸ ಆರಂಭಿಸಿದ ಮೇಲೆ ಕರೆ ಮಾಡಿದವರೆಲ್ಲ ಇನ್ನೊಮ್ಮೆ ಹೇಳಿ ಎನ್ನತೊಡಗಿದರು. ನನ್ನ ದನಿ ಬಾವಿಯೊಳಗಿನಿಂದ ಬಂದ ಹಾಗಿದೆ ಎಂದು ಸಹೋದ್ಯೋಗಿಯೊಬ್ಬರು ತಿಳಿಸಿದರು. ನನಗೂ ಅವರ ದನಿ ಹಳೆಯ ಸ್ಥಿರ ದೂರವಾಣಿಯಲ್ಲಿ ಕೇಳಿದಂತೆ ಮಂದವಾಗಿತ್ತು. ಅತ್ಯಂತ ಹೆಚ್ಚು ತೊಂದರೆಯಾದದ್ದು ಅಕ್ಷರಗಳಲ್ಲಿ. ಗ್ರಾಹಕರೊಬ್ಬರ ಮಿಂಚಂಚೆ ವಿಳಾಸದಲ್ಲಿದ್ದ ಎಸ್ ನನಗೆ ಎಫ್ ಆಗಿ ಕೇಳಿಸಿತು. ನಾನು ತಿರುಗಿ ಓದಿದ ಎಫ್ ಅವರಿಗೆ ಎಸ್ ಆಗಿ ಕೇಳಿಸಿ, ಅವರು ಸರಿಯೆಂದರು. ತಪ್ಪನ್ನು ಹಿಡಿಯಲೆಂದೇ ಇರುವ ಮರುಓದು ಕೂಡ ಹೀಗೆ ನಿಷ್ಫಲವಾಯಿತು, ಅವರಿಗೆ ಹೋಗಬೇಕಾದ ಪತ್ರ ತಲುಪಲಿಲ್ಲ. ನಮ್ಮ ಕರೆಗಳು ಧ್ವನಿಮುದ್ರಣವಾಗಿ ಗುಣಮಟ್ಟದ ಪರಿಶೀಲನೆಗೆ ಒಳಪಡುತ್ತವೆ. ಆ ತಿಂಗಳ ಪರಿಶೀಲನೆಯಲ್ಲಿ ಅಸ್ಪಷ್ಟ ಸಂಭಾಷಣೆಯೆಂಬ ಷರಾ ನನ್ನ ಹೆಸರಿನ ಮುಂದೆ ಬಿತ್ತು. ಹೆಡ್‌ಫೋನಿನ ಬೆಲೆಗಿಂತ ನನ್ನನ್ನು ನೋಯಿಸಿದ್ದು ಅದು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಒಂದು ಕಂಪನಿಯ ಒಂದು ಮಾದರಿಗೆ ಸೀಮಿತವಾದ ತೊಂದರೆಯಲ್ಲ. ಇಂದಿಗೂ ಬಹುಪಾಲು ಹೆಡ್‌ಫೋನ್‌ಗಳು ಬಳಸುವ ಸಾಂಪ್ರದಾಯಿಕ ಬ್ಲೂಟೂತ್ ವ್ಯವಸ್ಥೆಯಲ್ಲಿ ಧ್ವನಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಎ2ಡಿಪಿ ಎಂಬುದು ಹಾಡು, ವಿಡಿಯೊಗಳಿಗೆ ಮೀಸಲಾದದ್ದು. ಅದರಲ್ಲಿ ಉತ್ತಮ ಗುಣಮಟ್ಟದ ಸ್ಟೀರಿಯೊ ಧ್ವನಿ ಕಂಪ್ಯೂಟರಿನಿಂದ ಕಿವಿಯ ಕಡೆಗೆ ಮಾತ್ರ ಹರಿಯುತ್ತದೆ, ಮೈಕಿನ ಧ್ವನಿ ಹಿಂದಕ್ಕೆ ಬರಲು ಅಲ್ಲಿ ಅವಕಾಶವಿಲ್ಲ. ಮೈಕ್ ಬೇಕೆಂದಾಗ ಕಂಪ್ಯೂಟರ್ ಎಚ್‌ಎಫ್‌ಪಿ ಎಂಬ ಇನ್ನೊಂದು ದಾರಿಗೆ ಹೊರಳುತ್ತದೆ. ಕಾರಿನಲ್ಲಿ ಮೊಬೈಲ್ ಕರೆಗಳನ್ನು ಸ್ವೀಕರಿಸುವುದಕ್ಕೆಂದು ರೂಪಿಸಿದ ಆ ದಾರಿಯಲ್ಲಿ ಧ್ವನಿ ಎರಡೂ ಕಡೆ ಹರಿಯುತ್ತದೆ ನಿಜ, ಆದರೆ ಎಡ ಬಲಗಳ ಭೇದವಿಲ್ಲದ ಮೊನೊ ರೂಪದಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳ, ಅಂದರೆ ಧ್ವನಿಯನ್ನು ಅಳೆದ ತುಣುಕುಗಳ, ಲೆಕ್ಕದಲ್ಲಿ ಹರಿಯುತ್ತದೆ. ಸಾಮಾನ್ಯ ಸಿಡಿಯಲ್ಲಿ ಈ ಸಂಖ್ಯೆ 44,100. ಮಾದರಿಗಳ ಸಂಖ್ಯೆಯ ಅರ್ಧಕ್ಕಿಂತ ಎತ್ತರದ ಸ್ವರಗಳನ್ನು ಯಾವ ಡಿಜಿಟಲ್ ವ್ಯವಸ್ಥೆಯೂ ಹಿಡಿದಿಡಲಾರದು. ಆದ್ದರಿಂದ 8,000ದ ಲೆಕ್ಕದಲ್ಲಿ 4 ಕಿಲೋಹರ್ಟ್ಜ್‌ಗಿಂತ ಮೇಲಿರುವುದೆಲ್ಲ ಕತ್ತರಿಸಿ ಹೋಗುತ್ತದೆ. ಎಸ್ ಮತ್ತು ಎಫ್‌ಗಳನ್ನು ಕಿವಿ ಬೇರ್ಪಡಿಸುವುದು ಅವುಗಳ ಕೊನೆಯ ಉಸಿರಿನ ಸದ್ದಿನಿಂದ. ಆ ಸದ್ದಿನ ವ್ಯತ್ಯಾಸ ಬಹುಮಟ್ಟಿಗೆ ಇರುವುದು ಕತ್ತರಿಸಿ ಹೋದ ಆ ಮೇಲಿನ ಭಾಗದಲ್ಲೇ.

ಆಟದಲ್ಲಿ ಇದೇ ದೋಷ ಬೇರೆ ರೂಪದಲ್ಲಿ ಕಾಡಿತು. ಎದುರಾಳಿಯ ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ಎಂದು ತಿಳಿಯುವುದೇ ಆ ಆಟದ ಜೀವಾಳ. ತಂಡದವರೊಡನೆ ಮಾತನಾಡಲು ಮೈಕ್ ತೆರೆದ ಕೂಡಲೇ ಧ್ವನಿ ಮೊನೊ ಆಗಿ ದಿಕ್ಕುಗಳೇ ಅಳಿಸಿಹೋಗುತ್ತಿದ್ದವು. “ಅಣ್ಣ, ನೀನ್ ಹೇಳೋದು ಒಂದೂ ಗೊತ್ತಾಗ್ತಿಲ್ಲ, ಮೈಕ್ ಆಫ್ ಮಾಡ್ಬುಟ್ಟು ಆಡು” ಎಂದು ತಮ್ಮ ಬೇಸರಪಟ್ಟ. ಮೈಕ್ ಮುಚ್ಚಿದರೆ ದಿಕ್ಕುಗಳು ಮರಳುತ್ತಿದ್ದವು, ಆದರೆ ಆಗ ಗುಂಡಿನ ಸದ್ದು ಪರದೆಯ ಮೇಲಿನ ದೃಶ್ಯಕ್ಕಿಂತ ತಡವಾಗಿ ಬರುತ್ತಿತ್ತು. ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಈ ವಿಳಂಬ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗೇಮಿಂಗ್ ಮೋಡಿಗೆಂದು ಪೆಟ್ಟಿಗೆಯ ಮೇಲೆ ಮುದ್ರಿಸುವ ಕಡಿಮೆ ವಿಳಂಬದ ಸಂಖ್ಯೆಗಳು ಹೆಚ್ಚಾಗಿ ಅದಕ್ಕೆ ಹೊಂದುವ ವ್ಯವಸ್ಥೆ ಎದುರಿನ ಸಾಧನದಲ್ಲೂ ಇದ್ದಾಗ ಮಾತ್ರ ಸಿಗುವಂಥವು. ಇನ್ನು 7.1 ಎಂಬುದು ಎರಡು ಸ್ಪೀಕರುಗಳಿಂದಲೇ ಹುಟ್ಟಿಸುವ ತಂತ್ರಾಂಶದ ಭ್ರಮೆ. ಮೊನೊ ಧ್ವನಿಯಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಪರಿಹಾರಕ್ಕಾಗಿ ಹುಡುಕಿದಾಗ ಒಂದು ದಾರಿ ಸಿಕ್ಕಿತು. ಕರೆಯ ಸೆಟ್ಟಿಂಗ್ಸ್‌ನಲ್ಲಿ ಧ್ವನಿ ಕೇಳಲು ಹೆಡ್‌ಫೋನನ್ನೂ, ಮಾತನಾಡಲು ಲ್ಯಾಪ್‌ಟಾಪಿನ ಸ್ವಂತ ಮೈಕನ್ನೂ ಆರಿಸಿಕೊಂಡರೆ ಕಿವಿಯಲ್ಲಿ ಸ್ಟೀರಿಯೊ ಉಳಿಯುತ್ತದೆ. ಈಗಾಗಲೇ ಇಂಥ ಹೆಡ್‌ಫೋನ್ ಕೊಂಡು ಸಿಕ್ಕಿಬಿದ್ದವರು ಇದನ್ನು ಮಾಡಿ ನೋಡಬಹುದು. ಶಾಂತವಾದ ಕೋಣೆಯಿದ್ದವರಿಗೆ ಇಷ್ಟೇ ಸಾಕಾಗುತ್ತದೆ. ನನ್ನ ಮನೆಯಲ್ಲಿ ಮೇಲೆ ತಿರುಗುವ ಫ್ಯಾನು, ಅಡುಗೆಮನೆಯ ಮಿಕ್ಸಿ, ರಸ್ತೆಯಲ್ಲಿ ಧ್ವನಿವರ್ಧಕ ಹಾಕಿಕೊಂಡು ಬರುವ ತರಕಾರಿ ಗಾಡಿ, ಎಲ್ಲವೂ ಆ ಮೈಕಿಗೆ ನನ್ನ ಮಾತಿನಷ್ಟೇ ಸ್ಪಷ್ಟವಾಗಿ ಕೇಳುತ್ತಿದ್ದವು. ಪೆಟ್ಟಿಗೆಯಲ್ಲಿದ್ದ 3.5 ಎಂಎಂ ತಂತಿಯನ್ನು ಸಿಕ್ಕಿಸಿದರೆ ಹೆಡ್‌ಫೋನಿನ ಮೈಕೇ ಸತ್ತಿತು, ಏಕೆಂದರೆ ಆ ಪ್ಲಗ್ಗಿನಲ್ಲಿ ಕಪ್ಪು ಪಟ್ಟಿಗಳು ಎರಡೇ ಇದ್ದವು; ಮೈಕನ್ನೂ ಒಯ್ಯುವ ಪ್ಲಗ್ಗಿನಲ್ಲಿ ಮೂರು ಪಟ್ಟಿಗಳಿರುತ್ತವೆ. ಯುಎಸ್‌ಬಿ ಕಿಂಡಿ ಕೇವಲ ಚಾರ್ಜಿಗಾಗಿತ್ತು.

ಎಎನ್‌ಸಿ ಮತ್ತು ಇಎನ್‌ಸಿ ಎಂಬ ಎರಡು ಹೆಸರುಗಳನ್ನೂ ಅಕ್ಕಪಕ್ಕದಲ್ಲಿ ಮುದ್ರಿಸಿ ಮಾರುವ ರೀತಿಯ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಎಎನ್‌ಸಿ ತಗ್ಗಿಸುವುದು ಧರಿಸಿದವರ ಕಿವಿಗೆ ಬೀಳುವ ಗದ್ದಲವನ್ನು, ಅದರಲ್ಲೂ ಫ್ಯಾನಿನಂಥ ಏಕಪ್ರಕಾರದ ತಗ್ಗು ಸದ್ದನ್ನು. ಕರೆಯ ಆಚೆ ಬದಿಯವರಿಗೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಅವರಿಗೆ ಸಂಬಂಧಿಸಿದ್ದು ಮೈಕಿಗೆ ಬೀಳುವ ಸುತ್ತಲಿನ ಗದ್ದಲವನ್ನು ತಗ್ಗಿಸುವ ಇಎನ್‌ಸಿ; ಅದೂ ಮೈಕ್ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಧ್ವನಿಯ ಮೂಲದಿಂದ ದೂರ ಎರಡು ಪಟ್ಟಾದಂತೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬಾಯಿಯಿಂದ 3 ಸೆಂಟಿಮೀಟರ್ ದೂರದಲ್ಲಿ ನಿಲ್ಲುವ ಕಡ್ಡಿ ಮೈಕಿಗೆ ಹೋಲಿಸಿದರೆ, ಕಿವಿಯ ಬಟ್ಟಲಿನಲ್ಲಿ 12 ಸೆಂಟಿಮೀಟರ್ ದೂರದಲ್ಲಿ ಅಡಗಿರುವ ಮೈಕಿಗೆ ನಮ್ಮ ಮಾತು ಸುಮಾರು 12 ಡೆಸಿಬೆಲ್ ಕಡಿಮೆಯಾಗಿ ತಲುಪುತ್ತದೆ, ಕೋಣೆಯ ಗದ್ದಲ ಮಾತ್ರ ಎರಡಕ್ಕೂ ಒಂದೇ. ಆ ಅಂತರವನ್ನು ತಂತ್ರಾಂಶ ತುಂಬಲು ಹೊರಟಾಗ ಗದ್ದಲದ ಜೊತೆ ನಮ್ಮ ಮಾತಿನ ತುಣುಕುಗಳೂ ಕತ್ತರಿಸಿ ಹೋಗುತ್ತವೆ.

ಹಿಂದಿರುಗಿಸುವ ಪ್ರಯತ್ನ ಇದೆಲ್ಲಕ್ಕಿಂತ ಹೆಚ್ಚು ದಣಿಸಿತು. ಮಾರಾಟ ತಾಣದ ನಿಯಮದಲ್ಲಿ 7 ದಿನಗಳೊಳಗೆ ಬದಲಿ ವಸ್ತು ಎಂದಿತ್ತೇ ಹೊರತು ಹಣ ವಾಪಸು ಎಂದಿರಲಿಲ್ಲ. ಈ ಎರಡರ ವ್ಯತ್ಯಾಸವನ್ನು ಕೊಳ್ಳುವ ಮೊದಲೇ ಗಮನಿಸಿ. ಅದೇ ಮಾದರಿಯ ಬದಲಿ ವಸ್ತುವಿನಲ್ಲಿ ಅದೇ ತೊಂದರೆ ಇರುತ್ತದೆಂದು ನಾನು ಬರೆದರೂ ಮೊದಲು ಪರಿಶೀಲನೆಗೆ ಒಬ್ಬರನ್ನು ಕಳುಹಿಸಿದರು. ಬಂದವರು ತಮ್ಮ ಮೊಬೈಲಿಗೆ ಜೋಡಿಸಿ ಒಂದು ಹಾಡು ಕೇಳಿ, ಸರಿಯಾಗಿದೆಯೆಂದು ನಮೂದಿಸಿ ಹೊರಟರು. ಲ್ಯಾಪ್‌ಟಾಪಿಗೆ ಜೋಡಿಸಿ ಒಂದು ಕರೆ ಮಾಡಿ ನೋಡಿ ಎಂದು ಕೇಳಿಕೊಂಡದ್ದಕ್ಕೆ, ಅದು ತಮ್ಮ ಪರಿಶೀಲನೆಯ ಪಟ್ಟಿಯಲ್ಲಿಲ್ಲ ಎಂದರು. ದೂರು ಮುಕ್ತಾಯವಾಗಿದೆಯೆಂಬ ಸಂದೇಶ ಬಂತು. ಆ ಬ್ರ್ಯಾಂಡಿನ ಸೇವಾ ಕೇಂದ್ರದಲ್ಲೂ ಹಾಡು ಹಾಕಿಯೇ ನೋಡಿದರು. ಇರುವ ದೋಷ ಎಂದಿಗೂ ಕಾಣಿಸಿಕೊಳ್ಳದ ಪರೀಕ್ಷೆಯೊಂದನ್ನು ಮಾತ್ರ ನಡೆಸಿ ದೋಷವಿಲ್ಲವೆಂದು ಹೇಳುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಕೊನೆಗೆ ಕೆಲಸಕ್ಕೆ ಬಂದದ್ದು ಪುರಾವೆ. ಒಂದೇ ಪರಿಚ್ಛೇದವನ್ನು ಲ್ಯಾಪ್‌ಟಾಪಿನ ಮೈಕಿನಲ್ಲಿ ಒಮ್ಮೆ, ಹೆಡ್‌ಫೋನಿನ ಮೈಕಿನಲ್ಲಿ ಒಮ್ಮೆ ಓದಿ ಧ್ವನಿಮುದ್ರಿಸಿಕೊಂಡೆ. ಮಾರಾಟ ಪುಟದ ವಿವರಣೆ ಬದಲಾಗುವ ಮೊದಲೇ ಅದರ ಚಿತ್ರ ತೆಗೆದಿಟ್ಟುಕೊಂಡೆ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಮರಳಿ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ದೃಢೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಹೆಡ್‌ಫೋನ್ ಕೆಟ್ಟಿದೆ ಎಂದು ಬರೆಯುವುದನ್ನು ಬಿಟ್ಟು, ಪುಟದಲ್ಲಿ ಹೇಳಿದ ಸ್ಟೀರಿಯೊ ಧ್ವನಿ ಕರೆಯಲ್ಲಿ ಸಿಗುತ್ತಿಲ್ಲ ಎಂದು ಆ ಅಧಿಕಾರಿಗೆ ಪುರಾವೆಗಳ ಸಮೇತ ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿದೆ. ಆಮೇಲಷ್ಟೇ ಹಣ ಮರಳಿತು. ಅದೂ ಆಗದಿದ್ದರೆ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿನಲ್ಲಿ ಬಳಸುವ ಮಾತು ಎಷ್ಟು ಮುಖ್ಯವೆಂಬುದನ್ನು ಒತ್ತಿ ಹೇಳುತ್ತಿದ್ದೇನೆ: ಧ್ವನಿ ಚೆನ್ನಾಗಿಲ್ಲ ಎಂಬುದು ಅವರಿಗೆ ಅಭಿಪ್ರಾಯ, ಹೇಳಿದ್ದು ಸಿಕ್ಕಿಲ್ಲ ಎಂಬುದು ಅವರು ಉತ್ತರಿಸಲೇಬೇಕಾದ ದೂರು.

ಎರಡನೆಯ ಬಾರಿ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಹೋದೆ. ಅಲ್ಲಿಯೂ ಮೊದಲು ಕೈಗೆ ಕೊಡುವುದು ಮೊಬೈಲಿಗೆ ಜೋಡಿಸಿದ, ಹಾಡು ನುಡಿಯುತ್ತಿರುವ ಹೆಡ್‌ಫೋನನ್ನೇ. ಅದನ್ನು ಪಕ್ಕಕ್ಕಿಟ್ಟು, ನಿಮ್ಮ ಕಂಪ್ಯೂಟರಿಗೆ ಜೋಡಿಸಿ, ಒಂದು ವಿಡಿಯೊ ನುಡಿಯುತ್ತಿರುವಾಗಲೇ ಹೆಡ್‌ಫೋನಿನ ಮೈಕಿನಲ್ಲಿ ಧ್ವನಿಮುದ್ರಣ ಆರಂಭಿಸಿ. ಆ ಕ್ಷಣ ವಿಡಿಯೊದ ಧ್ವನಿ ಮಂಕಾದರೆ ಆ ಹೆಡ್‌ಫೋನ್ ಎಚ್‌ಎಫ್‌ಪಿ ದಾರಿಗೆ ಹೊರಳಿದೆ ಎಂದರ್ಥ. ಅರ್ಧ ನಿಮಿಷದ ಈ ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಒಪ್ಪಿದ ಅಂಗಡಿಯಲ್ಲಿ, ಮೊದಲಿನದರ ಅರ್ಧ ಬೆಲೆಗೂ ಕಡಿಮೆಗೆ ಕಡ್ಡಿ ಮೈಕ್ ಇರುವ ಯುಎಸ್‌ಬಿ ತಂತಿಯ ಹೆಡ್‌ಸೆಟ್ ಕೊಂಡೆ. ನನ್ನ ಮಟ್ಟಿಗೆ ಕರೆ ಮತ್ತು ಆಟ ಎರಡಕ್ಕೂ ಇದೇ ನಿಶ್ಚಿಂತೆಯ ಆಯ್ಕೆ. ತಂತಿ ಬೇಡವೆನ್ನುವವರು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ 2.4 ಗಿಗಾಹರ್ಟ್ಜ್ ಡಾಂಗಲ್ ಜೊತೆಗೆ ಬರುವ ಮಾದರಿಗಳನ್ನು ನೋಡಬಹುದು. ಅವು ಬ್ಲೂಟೂತಿನ ದಾರಿಯನ್ನೇ ಬಳಸುವುದಿಲ್ಲವಾದ್ದರಿಂದ ಮೈಕ್ ತೆರೆದಾಗಲೂ ಸ್ಟೀರಿಯೊ ಉಳಿಯುತ್ತದೆ, ವಿಳಂಬವೂ ಬಹಳ ಕಡಿಮೆ.

ಎಲ್‌ಇ ಆಡಿಯೊ ಎಂಬ ಹೊಸ ಬ್ಲೂಟೂತ್ ವ್ಯವಸ್ಥೆ ಈ ತೊಡಕನ್ನು ನೀಗಿಸಬಲ್ಲದು; ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಮೈಕ್ ತೆರೆದಿರುವಾಗಲೂ ಸ್ಟೀರಿಯೊ ಕೇಳಿಸುವ ಸೌಲಭ್ಯ ಅದರ ಮೂಲಕ ಬಂದಿದೆ. ಆದರೆ ಅದು ಹೆಡ್‌ಫೋನಿನಲ್ಲೂ ಲ್ಯಾಪ್‌ಟಾಪಿನ ಯಂತ್ರಾಂಶ ಮತ್ತು ಡ್ರೈವರಿನಲ್ಲೂ ಇರಬೇಕು, ಮತ್ತು ಬ್ಲೂಟೂತ್ 5.3 ಎಂದು ಮುದ್ರಿಸಿದ ಮಾತ್ರಕ್ಕೆ ಅದಿದೆ ಎಂದಾಗುವುದಿಲ್ಲ, ಏಕೆಂದರೆ ಆ ಆವೃತ್ತಿಯಲ್ಲಿ ಎಲ್‌ಇ ಆಡಿಯೊ ಕಡ್ಡಾಯವಲ್ಲ. ಕಚೇರಿಯ ಲ್ಯಾಪ್‌ಟಾಪ್ ಬಳಸುವವರು ಇನ್ನೊಂದು ವಿಷಯವನ್ನೂ ಮೊದಲೇ ವಿಚಾರಿಸಿಕೊಳ್ಳಿ: ಕೆಲವು ಸಂಸ್ಥೆಗಳು ಭದ್ರತೆಯ ಕಾರಣಕ್ಕೆ ಬ್ಲೂಟೂತನ್ನಾಗಲಿ ಹೊರಗಿನ ಯುಎಸ್‌ಬಿ ಸಾಧನಗಳನ್ನಾಗಲಿ ನಿರ್ಬಂಧಿಸಿರುತ್ತವೆ, ಆದ್ದರಿಂದ ಡಾಂಗಲ್ಲಿಗೆ ಅನುಮತಿ ಇದೆಯೇ ಎಂದು ನಿಮ್ಮ ಐಟಿ ವಿಭಾಗಕ್ಕೆ ಬರೆದು ಉತ್ತರ ಬಂದ ಮೇಲೆ ಕೊಳ್ಳಿ.