ಲೇಯಳ ಕಥೆ ಅರ್ಧಕ್ಕೇ ನಿಲ್ಲಿಸಿಬಿಟ್ರು: ಸಭೆಯ 6 ವಾರದ ಬೈಬಲ್ ಸ್ಟಡಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಇದಕ್ಕೆ ಸೇರಿದ್ದು ಅಮ್ಮನ ಕಾಟ ತಡೀಲಾರದೆ. ನಮ್ಮ ಸಭೇಲಿ, ಅಂದ್ರೆ ಚರ್ಚಲ್ಲಿ (ಹೆಸರು ಹಾಕಲ್ಲ, ಭಾನುವಾರ ಅವ್ರ ಮುಖ ನೋಡ್ಬೇಕಲ್ಲ) ಹೆಣ್ಮಕ್ಕಳಿಗೆ ಅಂತ ಶನಿವಾರ ಸಾಯಂಕಾಲ 4ರಿಂದ 5.30ರ ತನಕ ಬೈಬಲ್ ಸ್ಟಡಿ ಇಟ್ಟಿದ್ರು, ಒಟ್ಟು 6 ವಾರ, ದೇವರ ದೃಷ್ಟೀಲಿ ನಮ್ಮ ಬೆಲೆ ಏನು, ಸಂಬಂಧಗಳು ಹೇಗಿರ್ಬೇಕು ಅನ್ನೋದು ವಿಷಯ. ಫೀಸು 300 ರೂಪಾಯಿ. ಅದಕ್ಕೆ ಜೆರಾಕ್ಸ್ ಮಾಡಿ ಪಿನ್ ಹೊಡೆದ ಒಂದು ಪುಸ್ತಕ, ಟೀ, ಎರಡೇ ಎರಡು ಮಾರಿ ಬಿಸ್ಕತ್ತು. 5.30 ಅನ್ನೋದು ಬರೀ ಪೇಪರ್ ಮೇಲೆ, ಒಂದಿನಾನೂ ಆರೂಕಾಲಿಗೆ ಮುಂಚೆ ಬಿಟ್ಟಿಲ್ಲ.

ನನ್ನ ಕಥೆ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಈ ರಿವ್ಯೂ ಅರ್ಥ ಆಗಲ್ಲ. ಎರಡು ವರ್ಷದಲ್ಲಿ ಮೂರು ಮನೆಯವ್ರು ನನ್ನ ನೋಡೋಕೆ ಬಂದು ಹೋದ್ರು. ಮೂರೂ ಜನ ಹೋಗ್ತಾ ಹೇಳಿದ್ದು ಒಂದೇ ಮಾತು, "ಪ್ರಾರ್ಥನೆ ಮಾಡಿ ಹೇಳ್ತೀವಿ". ನಮ್ಮ ಕ್ರೈಸ್ತರ ಮನೆಗಳಲ್ಲಿ ಇದರ ಅರ್ಥ ಏನು ಅಂತ ಗೊತ್ತಿರೋರಿಗೆ ಗೊತ್ತು. ಆಮೇಲೆ ಮೂರನೇ ಮನೆಯವ್ರ ಕಡೆಯಿಂದ ಬಣ್ಣದ ವಿಷ್ಯ ಸುತ್ತಿ ಬಳಸಿ ನಮ್ಮ ಕಿವಿಗೆ ಬಿತ್ತು. ಹಂಗಾಗಿ ನಾನು ಹೋಗಿದ್ದು ಒಳ್ಳೇ ಮೂಡಲ್ಲಿ ಅಲ್ಲ.

ಪುಸ್ತಕದ ಭಾಷೆ ಬಗ್ಗೆ ಹೇಳ್ಲೇಬೇಕು. ಇಂಗ್ಲಿಷಿಂದ ಪದಕ್ಕೆ ಪದ ಇಳಿಸಿದ್ದು. "ಸ್ವಯಂ ಮೌಲ್ಯ", "ಆರೋಗ್ಯಕರ ಗಡಿಗಳು" (ಹೆಲ್ದಿ ಬೌಂಡರೀಸ್) ಅಂತೆಲ್ಲ ಇತ್ತು, ಗಡಿ ಅಂತ ಓದಿದ ತಕ್ಷಣ ಪಕ್ಕದಲ್ಲಿದ್ದ ಆಂಟಿ "ಬೆಳಗಾವಿ ಗಡಿನಾ?" ಅಂದ್ರು, ಹತ್ತು ನಿಮಿಷ ಕ್ಲಾಸೇ ನಡೀಲಿಲ್ಲ. ಪುಣ್ಯಕ್ಕೆ ಪಾಠ ಮಾಡಿದ್ದು ರಿಟೈರ್ಡ್ ಹೈಸ್ಕೂಲ್ ಟೀಚರಮ್ಮ ಒಬ್ರು, ಅವ್ರು ಪುಸ್ತಕ ಪಕ್ಕಕ್ಕಿಟ್ಟು ನೇರ ಸತ್ಯವೇದನೇ (ಬೈಬಲ್ಲು) ಓದಿಸಿದ್ರು.

ಮೊದಲ ವಾರ ಕೀರ್ತನೆ 139. ಹದಿನಾಲ್ಕನೇ ವಚನ ಹೊಸ ವರ್ಷದ ವಾಗ್ದಾನ ಕಾರ್ಡಲ್ಲಿ, ವಾಟ್ಸಾಪ್ ಸ್ಟೇಟಸ್ಸಲ್ಲಿ ನೋಡಿ ನೋಡಿ ಸವೆದುಹೋಗಿದೆ. ನಮ್ಮನೆ ಹಳೇ ಪ್ರತೀಲಿ ದೇವರು ನನ್ನನ್ನ ಅದ್ಭುತವಾಗಿಯೂ ವಿಚಿತ್ರವಾಗಿಯೂ ರಚಿಸಿದ್ದಾನೆ ಅಂತಿದೆ, ಚಿಕ್ಕವಳಿದ್ದಾಗ ವಿಚಿತ್ರ ಅಂದ್ರೆ ವಿಚಿತ್ರನೇ ಅನ್ಕೊಂಡು ಒಂಥರಾ ಸಮಾಧಾನ ಪಟ್ಕೊಂಡಿದ್ದೆ, ಓ ದೇವರಿಗೂ ಗೊತ್ತಾಗಿದೆ ಅಂತ. ಕ್ಲಾಸಲ್ಲಿ ಇದನ್ನ ಹೇಳಿದ್ದಕ್ಕೆ ಟೀಚರಮ್ಮ ನಕ್ಕು, ಹಳೇ ಕನ್ನಡದಲ್ಲಿ ವಿಚಿತ್ರ ಅಂದ್ರೆ ಬಣ್ಣಬಣ್ಣದ ಸೊಗಸು ಅಂತಾನೂ ಇದೆ ಕಣೇ ಅಂದ್ರು. ಬಣ್ಣ ಅಂದಿದ್ದಕ್ಕೆ ಸ್ವಲ್ಪ ಚುಚ್ಚಿತು, ಅವ್ರಿಗೆ ನನ್ನ ವಿಷ್ಯ ಗೊತ್ತಿರ್ಲಿಲ್ಲ ಪಾಪ.

ಎರಡನೇ ವಾರ ಲೇಯಳು, ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 29ನೇ ಅಧ್ಯಾಯ. ಇದೇ ನನಗೆ ಇಡೀ ಕೋರ್ಸು. ಯಾಕೋಬ ಮಾವ ಲಾಬಾನನ ಚಿಕ್ಕ ಮಗಳು ರಾಹೇಲಳನ್ನ ಮದುವೆ ಆಗೋಕೆ ಅವನ ಮನೇಲಿ 7 ವರ್ಷ ದುಡೀತಾನೆ, ಮದುವೆ ರಾತ್ರಿ ಲಾಬಾನ ಮೋಸ ಮಾಡಿ ದೊಡ್ಡ ಮಗಳು ಲೇಯಳನ್ನ ಕಳಿಸ್ತಾನೆ, ಬೆಳಗಾದ್ಮೇಲೆ ಗಲಾಟೆ, ರಾಹೇಲಳಿಗೋಸ್ಕರ ಮತ್ತೆ 7 ವರ್ಷ. ಲೇಯಳ ಕಣ್ಣಿನ ಬಗ್ಗೆ ಅಲ್ಲಿರೋ ಹೀಬ್ರೂ ಪದಕ್ಕೆ ಮೃದು ಅಂತ ಅರ್ಥವಂತೆ, ಅದು ಹೊಗಳಿಕೆನೋ ಕುಂದೋ ಅಂತ ಪಂಡಿತರು ಇನ್ನೂ ಜಗಳ ಆಡ್ತಾರಂತೆ. ಅಂದ್ರೆ ಮೂರು ಸಾವಿರ ವರ್ಷ ಆದ್ರೂ ಹುಡುಗಿ ನೋಡೋಕೆ ಹೆಂಗಿದ್ಲು ಅನ್ನೋ ಮಾತು ಮುಗ್ದಿಲ್ಲ!

ಅವಳು ಮಕ್ಕಳಿಗೆ ಇಡೋ ಹೆಸರು ಓದಿದ್ರೆ ಹೊಟ್ಟೆ ಹಿಂಡುತ್ತೆ. ರೂಬೇನ ಹುಟ್ಟಿದಾಗ ಈಗ್ಲಾದ್ರೂ ಗಂಡ ನನ್ನ ಪ್ರೀತಿಸ್ತಾನೆ ಅಂತಾಳೆ. ಸಿಮೆಯೋನ ಹುಟ್ಟಿದಾಗ ನಾನು ಬೇಡವಾದವಳು ಅಂತ ದೇವರಿಗೆ ಕೇಳಿಸ್ತು ಅಂತಾಳೆ. ಲೇವಿ ಹುಟ್ಟಿದಾಗ ಇನ್ಮೇಲೆ ಗಂಡ ನನಗೆ ಅಂಟ್ಕೋತಾನೆ ಅಂತಾಳೆ. ನಾಲ್ಕನೇವನು ಯೆಹೂದ, ಆಗ ಗಂಡನ ಸುದ್ದಿನೇ ಇಲ್ಲ, ಈ ಸಲ ದೇವರನ್ನ ಕೊಂಡಾಡ್ತೀನಿ ಅಂತಾಳೆ ಅಷ್ಟೇ. ನೋಡಿ ಹೆಂಗೆ ಬಿಡುಗಡೆ ಆಯ್ತು ಅಂತ ಟೀಚರಮ್ಮ ಅಲ್ಲಿಗೇ ಪ್ರಾರ್ಥನೆ ಮಾಡಿ ಮುಗಿಸಿದ್ರು, ನಾನೂ ಕಣ್ಣೊರಸ್ಕೊಂಡು ಎದ್ದೆ.

ಆದ್ರೆ ಬಸ್ಸಲ್ಲಿ ಮನೆಗೆ ಬರ್ತಾ ಸುಮ್ನೆ ಫೋನಲ್ಲಿ ಮುಂದಿನ ಅಧ್ಯಾಯ ತೆಗ್ದೆ. 30ನೇ ಅಧ್ಯಾಯದಲ್ಲಿ ಲೇಯ ಮತ್ತೆ ಶುರು! ತಂಗಿ ಜೊತೆ ಪೈಪೋಟಿ, ಮಕ್ಕಳಾಗುತ್ತೆ ಅಂತ ನಂಬ್ತಿದ್ದ ದೂದಾಯಿ ಹಣ್ಣಿಗೆ ಜಗಳ, 20ನೇ ವಚನದಲ್ಲಿ ಆರನೇ ಮಗ ಹುಟ್ಟಿದಾಗ ಈಗ ಗಂಡ ನನಗೆ ಮರ್ಯಾದೆ ಕೊಡ್ತಾನೆ ಅಂತ ಮತ್ತೆ ಅದೇ ಹಳೇ ರಾಗ. ನನಗೆ ನಿಜವಾಗ್ಲೂ ಸಮಾಧಾನ ಆಗಿದ್ದು ಅಲ್ಲಿ. ಒಂದಿನ ಬಿಟ್ಬಿಟ್ಟೆ ಅನ್ಸುತ್ತೆ, ಮಾರನೇ ದಿನ ಫೋಟೋ ಫಿಲ್ಟರ್ ಹಾಕ್ತಾ ಕೂತಿರ್ತೀನಿ, ಹಂಗಿದ್ದವಳನ್ನೇ ಬೈಬಲ್ಲು ಮುಚ್ಚಿಡ್ದೆ ಬರ್ಕೊಂಡಿದೆಯಲ್ಲ ಅಂತ. ಇನ್ನೂ ಮುಂದೆ ಹೋದ್ರೆ 49ನೇ ಅಧ್ಯಾಯದಲ್ಲಿ ಸಾಯೋ ಹೊತ್ತಿಗೆ ಯಾಕೋಬ ನನ್ನನ್ನ ಮಕ್ಪೇಲದ ಗುಹೇಲೇ ಹೂಣಿಡಿ ಅಂತಾನೆ, ಅವನ ಅಜ್ಜ ಅಬ್ರಹಾಮ, ಅಜ್ಜಿ ಸಾರ ಇವ್ರ ಜೊತೆ ಲೇಯಳನ್ನ ಹೂಣಿಟ್ಟ ಜಾಗ ಅದು. ರಾಹೇಲಳ ಸಮಾಧಿ ಬೇತ್ಲೆಹೇಮಿನ ದಾರೀಲಿ ಉಳ್ಕೊಳ್ತು. ಅವನಿಗೆ ಕೊನೆಗೆ ಪ್ರೀತಿ ಬಂತಾ ಇಲ್ವಾ, ಬೈಬಲ್ಲು ಹೇಳಲ್ಲ. ಇದ್ಯಾವ್ದೂ ಕೋರ್ಸಲ್ಲಿ ಇಲ್ಲ, ಅದಕ್ಕೇ ಒಂದು ಸ್ಟಾರ್ ಕಟ್.

ಮೂರು ಮತ್ತು ನಾಲ್ಕನೇ ವಾರ ಚೆನ್ನಾಗಿತ್ತು. ಗಲಾತ್ಯ 6ರಲ್ಲಿ 2ನೇ ವಚನ ಒಬ್ರ ಭಾರ ಇನ್ನೊಬ್ರು ಹೊರ್ರಿ ಅನ್ನುತ್ತೆ, 5ನೇ ವಚನ ಅವರವರ ಹೊರೆ ಅವರವರೇ ಹೊರ್ಬೇಕು ಅನ್ನುತ್ತೆ. ಗ್ರೀಕಲ್ಲಿ ಎರಡೂ ಬೇರೆ ಪದ, ಮೊದಲ್ನೇದು ಜಜ್ಜಿ ಹಾಕೋ ಭಾರ, ಎರಡನೇದು ನಮ್ಮ ನಮ್ಮ ಗಂಟು. ತಮ್ಮನ ಬೈಕಿನ ಇಎಂಐ 14 ತಿಂಗಳಿಂದ ನಾನೇ ಕಟ್ತಿದ್ದೆ, ಅದು ಯಾವ ಲೆಕ್ಕಕ್ಕೆ ಬರುತ್ತೆ ಅಂತ ಕೇಳ್ದೆ, ಟೀಚರಮ್ಮ "ಅವನಿಗೆ ಸಂಬಳ ಇದ್ಯಾ?" ಅಂದ್ರು. ಇದೆ. ಮುಗೀತು. ಮಾರ್ಕ 1ರಲ್ಲಿ ಎಲ್ಲಾರೂ ನಿನ್ನ ಹುಡುಕ್ತಿದ್ದಾರೆ ಅಂತ ಶಿಷ್ಯರು ಬಂದು ಕರೆದ್ರೆ ಯೇಸು ವಾಪಸ್ ಹೋಗ್ದೆ ಪಕ್ಕದ ಊರುಗಳಿಗೆ ಹೋಗೋಣ ನಡೀರಿ ಅಂತಾರೆ, ಅದನ್ನೂ ಓದಿಸಿದ್ರು. ಕರೆದಲ್ಲೆಲ್ಲ ಓಡ್ಬೇಕಾಗಿಲ್ಲ ಅಂತ ಇಷ್ಟು ವರ್ಷ ಸಂಡೇ ಸ್ಕೂಲಲ್ಲಿ ನಮಗ್ಯಾರೂ ಹೇಳ್ಲಿಲ್ಲ ನೋಡಿ.

ಐದನೇ ವಾರ ಮಾತ್ರ ನಿರಾಸೆ. ಎಫೆಸ 5ಕ್ಕೆ ಹೊರಗಿಂದ ಒಬ್ರು ಅಯ್ಯನವರನ್ನ (ಪಾಸ್ಟರ್) ಕರೆಸಿದ್ರು, ಅವ್ರು ಹೆಂಡತಿ ಅಧೀನಳಾಗಿರ್ಬೇಕು ಅನ್ನೋ 22ನೇ ವಚನಕ್ಕೆ 40 ನಿಮಿಷ ತಗೊಂಡು, ಗಂಡ ಹೆಂಡತಿಗೋಸ್ಕರ ತನ್ನನ್ನೇ ಕೊಡ್ಬೇಕು ಅನ್ನೋ 25ನ್ನ ಐದು ನಿಮಿಷದಲ್ಲಿ ಹಾರಿಸಿದ್ರು. ಮೂಲೇಲಿ ಕೂತಿದ್ದ ಒಬ್ರು ಅಜ್ಜಿ "ಅಯ್ಯನವರೇ, 21 ಓದ್ಲೇ ಇಲ್ವಲ್ಲ" ಅಂದ್ರು. ಒಬ್ರಿಗೊಬ್ರು ಅಧೀನರಾಗಿ ಅನ್ನೋದು ಅಲ್ಲಿರೋದು. ತೀರಾ ಹಳೇ ಗ್ರೀಕ್ ಪ್ರತಿಗಳಲ್ಲಿ 22ರಲ್ಲಿ ಆ ಕ್ರಿಯಾಪದನೇ ಇಲ್ಲ, 21ರಿಂದಲೇ ಎಳ್ಕೊಂಡು ಓದ್ಬೇಕು. ಅವ್ರು ಹೋದ್ಮೇಲೆ ಟೀಚರಮ್ಮ ಬಾಗ್ಲು ಹಾಕಿ, ಹೊಡೆತ ಬಡಿತ ಇದ್ರೆ ತಾಳ್ಮೆ, ಪ್ರಾರ್ಥನೆ ಅಂತ ಕೂರ್ಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಮನಸ್ಸೇ ಕುಸಿದ್ರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ಬಹುದು ಅಂತ ಬೋರ್ಡ್ ಮೇಲೆ ಬರೆದ್ರು. ಪುಸ್ತಕದಲ್ಲಿ ಈ ನಂಬರ್ ಇಲ್ಲ, ಹಾಕ್ಬೇಕಿತ್ತು.

ಆರನೇ ವಾರ ಸಾಕ್ಷಿ (ದೇವರು ತಮಗೆ ಮಾಡಿದ್ದನ್ನ ಹೇಳ್ಕೊಳ್ಳೋದು), ಹಾಡು, ಗ್ರೂಪ್ ಫೋಟೋ, ವಿಶೇಷ ಏನಿಲ್ಲ. ಫೀಡ್‌ಬ್ಯಾಕ್ ಫಾರಂನಲ್ಲಿ "ಲೇಯಳಿಗೆ ಎರಡು ವಾರ ಕೊಡಿ, 30ನೇ ಅಧ್ಯಾಯ ಬಿಡ್ಬೇಡಿ" ಅಂತ ಬರೆದು ಕೊಟ್ಟಿದ್ದೀನಿ. ಟೀಚರಮ್ಮ ಓದಿ, ಹಂಗಾದ್ರೆ ಮುಂದಿನ ಸಲ ಆ ಪಾಠ ನೀನೇ ಮಾಡು ಅಂದ್ರು, ಎಲ್ಲಿಗೆ ಬಂತು ನೋಡಿ ಪಂಚಾಯ್ತಿ. ಒಟ್ಟು 5ಕ್ಕೆ ಮೂರೂವರೆ. ಹೋಗೋರು ಪೂರ್ತಿ ಸತ್ಯವೇದ ತಗೊಂಡ್ಹೋಗಿ, ಜೆರಾಕ್ಸ್ ಪುಸ್ತಕ ನಂಬ್ಕೋಬೇಡಿ, ಸೊಂಟ ನೋವಿರೋರು ಒಂದು ದಿಂಬೂ ಇಟ್ಕೊಳ್ಳಿ, ಪ್ಲಾಸ್ಟಿಕ್ ಕುರ್ಚಿ ಆರೂಕಾಲರ ತನಕ ಕೂರೋಕಾಗಲ್ಲ.