ಉರ್ರಾಕ್, ಗೇರು ಫೆನಿ, ತೆಂಗಿನ ಫೆನಿ: ಮೂರನ್ನೂ ಕುಡಿದು ನೋಡಿದೆ

ಗೋವಾದ ನಾಡಭಟ್ಟಿ ಮದ್ಯ ಫೆನಿ ಅಂದರೆ ಮೂಗು ಮುಚ್ಚಿಕೊಳ್ಳುವವರ ಗುಂಪಿನಲ್ಲಿ ನಾನೂ ಇದ್ದೆ. ತಪ್ಪು ನನ್ನದೇ. ಮೊದಲ ಸಲ ಕುಡಿದಾಗ ಗೇರು ಫೆನಿಗೆ ಕೋಲಾ ಸುರಿದುಕೊಂಡಿದ್ದೆ. ಕೊಳೆತ ಹಣ್ಣಿಗೆ ಕೆಮ್ಮಿನ ಔಷಧಿ ಬೆರೆಸಿದ ಹಾಗಿತ್ತು. ಆಮೇಲೆ ಹತ್ತು ವರ್ಷ ಅದರ ಸುದ್ದಿಗೇ ಹೋಗಲಿಲ್ಲ. ಹೋದ ಏಪ್ರಿಲ್‌ನಲ್ಲಿ ದಕ್ಷಿಣ ಗೋವಾದ ಕಾಣಕೋಣದ ಗೆಳೆಯ ತನ್ನ ಮಾಮನ ಭಟ್ಟಿಗೆ ಎಳೆದುಕೊಂಡು ಹೋದ.

ಕಾರವಾರದಲ್ಲಿ ಬೆಳೆದವನಿಗೆ ಗೇರುಹಣ್ಣು ಹೊಸದಲ್ಲ. ಬೀಜ ತಿರುಚಿ ತೆಗೆದು ಹಣ್ಣು ಬಿಸಾಕುತ್ತಿದ್ದೆವು. ಅಲ್ಲಿ ಆ ಹಣ್ಣೇ ಬಂಡವಾಳ. ಮರದಿಂದ ಕೀಳೋದಿಲ್ಲ, ಪೂರ್ತಿ ಹಣ್ಣಾಗಿ ತಾನಾಗಿ ಬಿದ್ದದ್ದನ್ನೇ ಹೆಕ್ಕುತ್ತಾರೆ. ಬಂಡೆಯಲ್ಲಿ ಕೊರೆದ ತೊಟ್ಟಿಗೆ ಹಾಕಿ ಕಾಲಲ್ಲಿ ತುಳಿಯುತ್ತಾರೆ. ತುಳಿದು ಉಳಿದ ಸಿಪ್ಪೆಯನ್ನು ಗುಡ್ಡೆ ಮಾಡಿ ಮೇಲೆ ಕಲ್ಲು ಹೇರಿದರೆ ತಿಳಿರಸ ತೊಟ್ಟಿಕ್ಕುತ್ತದೆ. ಅದು ನೀರೊ. ಅಮಲಿಲ್ಲ, ಬರೀ ಸಿಹಿ, ಗಂಟಲಿಗೆ ಸ್ವಲ್ಪ ಒಗರು. ತುಳಿದ ರಸ ಮಾತ್ರ ಎರಡು ಮೂರು ದಿನ ತನ್ನಷ್ಟಕ್ಕೇ ಹುಳಿಯಬೇಕು. ಯೀಸ್ಟ್ ಗೀಸ್ಟ್ ಏನೂ ಹಾಕೋದಿಲ್ಲ.

ಆ ಹುಳಿರಸವನ್ನು ಒಮ್ಮೆ ಭಟ್ಟಿ ಇಳಿಸಿದರೆ ಉರ್ರಾಕ್. ಉರ್ರಾಕಿಗೆ ಮತ್ತೆ ಹುಳಿರಸ ಸೇರಿಸಿ ಇನ್ನೊಮ್ಮೆ ಇಳಿಸಿದರೆ ಫೆನಿ. ಉರ್ರಾಕಿನಲ್ಲಿ ಆಲ್ಕೋಹಾಲ್ ಶೇ 15ರ ಆಸುಪಾಸು, ಫೆನಿಯಲ್ಲಿ ಶೇ 42ರ ಹತ್ತಿರ. ಒಂದೇ ಹಣ್ಣು, ಒಂದೇ ಒಲೆ, ಸ್ವಭಾವ ಮಾತ್ರ ಅಣ್ಣತಮ್ಮಂದಿರದ್ದು.

ಉರ್ರಾಕ್ ಕುಡಿದದ್ದು ಭಟ್ಟಿಯ ಪಕ್ಕದಲ್ಲೇ, ಸ್ಟೀಲ್ ಲೋಟದಲ್ಲಿ. ಲಿಮ್ಕಾ, ಸೀಳಿದ ಹಸಿಮೆಣಸು, ಚಿಟಿಕೆ ಉಪ್ಪು. ಮಾಮ ಲೋಟ ಕೊಡುವಾಗಲೇ ಹೇಳಿದರು: "ಮೊದಲು ಹೊಟ್ಟೆಗೆ ಏನಾದ್ರೂ ಹಾಕ್ಕೋ ಬಾಬಾ, ಇದು ಶರಬತ್ತಲ್ಲ." ನಾನು ಕೇಳಲಿಲ್ಲ. ಬಾಯಿಗೆ ಅದು ಶರಬತ್ತೇ. ಹಣ್ಣಿನ ಘಮ ಇದೆ, ನಾತ ಇಲ್ಲ, ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಬೇಡ. ಮೂರನೇ ಲೋಟಕ್ಕೆ ಕಾಲಲ್ಲೇ ಇದ್ದ ಚಪ್ಪಲಿ ಹುಡುಕುತ್ತಿದ್ದೆ. ಇದರ ದೋಷ ಒಂದೇ, ಬಾಳಿಕೆ ಇಲ್ಲ. ಗೆಳೆಯ ಚೌತಿಗೆ ಅಂತ ಎತ್ತಿಟ್ಟ ಬಾಟಲಿಯಲ್ಲಿ ಆ ಘಮವೇ ಹೋಗಿತ್ತು, ಸುಮ್ನೆ ಖಾರದ ನೀರು.

ಗೇರು ಫೆನಿ ಬೇರೆಯೇ ಪ್ರಾಣಿ. ಮಾಮ ಬಾಟಲಿ ಅಲುಗಾಡಿಸಿ ಕಣ್ಣಿನ ಮಟ್ಟಕ್ಕೆ ಹಿಡಿದರು. ಕತ್ತಿನ ಒಳಗೆ ಮಣಿಸರದ ಹಾಗೆ ಗುಳ್ಳೆ ನಿಂತವು. ಫೆನಿ ಅನ್ನುವ ಹೆಸರು ಬಂದದ್ದೇ ನೊರೆಯಿಂದ ಅನ್ನುತ್ತಾರೆ. ಈ ಸಲ ಕೋಲಾ ಇಲ್ಲ. ಸೋಡಾ, ಲಿಂಬೆ, ಅಷ್ಟೇ. ಮೊದಲ ಗುಟುಕಿಗೆ ಹಳೇ ಸಿಟ್ಟು ವಾಪಸ್ ಬಂತು, ಎರಡನೆಯದಕ್ಕೆ ಇಳಿಯಿತು. ಗುಟುಕು ಒಳಗೆ ಹೋದ ಮೇಲೆ ಗೇರುಹಣ್ಣು ನಿಧಾನಕ್ಕೆ ಮೇಲೆ ಬರುತ್ತದೆ. ಆದರೆ ಮರುದಿನ ಸೋಪು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗಿರಲಿಲ್ಲ. ಮನೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಬೇಕು ಅನ್ನುವವರು ಯೋಚಿಸಿ.

ತೆಂಗಿನ ಫೆನಿ ಕೊಟ್ಟದ್ದು ಗೆಳೆಯನ ಮನೆಯಲ್ಲಿ, ರಾತ್ರಿ ಊಟಕ್ಕೆ ಮುಂಚೆ. ಇದಕ್ಕೆ ಹಣ್ಣೂ ಬೇಡ, ಸೀಸನ್ನೂ ಬೇಡ. ರೆಂದೇರ್, ಅಂದರೆ ಕಳ್ಳು ಇಳಿಸುವವರು, ಮರ ಹತ್ತಿ ಇಳಿಸಿದ ಕಳ್ಳನ್ನೇ ಭಟ್ಟಿ ಇಳಿಸುತ್ತಾರೆ. ದಕ್ಷಿಣ ಗೋವಾದಲ್ಲಿ ಜಾಸ್ತಿ. ಬರೀ ತಣ್ಣೀರು ಬೆರೆಸಿ ಕುಡಿದೆ. ನಯವಾಗಿದೆ. ಗುಟುಕಿನ ಹಿಂದೆ ಎಲ್ಲೋ, ಕಳ್ಳು ಹಾಕಿ ಮಾಡಿದ ಇಡ್ಲಿಯಂಥ ಸಣ್ಣಾಂ ಬೇಯುವ ವಾಸನೆ. ಎದೆ ಸುಡಲಿಲ್ಲ, ಬೆರಳೂ ನಾರಲಿಲ್ಲ.

ಆದರೂ ಹೆಸರೆಲ್ಲ ಗೇರಿಗೇ. ತೆಂಗು ಆ ಕರಾವಳಿಯಲ್ಲಿ ಮೊದಲಿನಿಂದಲೂ ಇತ್ತು. ಗೇರು ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗು ಹತ್ತಿ 16ನೇ ಶತಮಾನದಲ್ಲಿ ಬಂದ ಅತಿಥಿ. 2009ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಮಾತ್ರ ಗೇರು ಫೆನಿಗೆ. ಅದಕ್ಕೆ ಎರಡೇ ವರ್ಷ ಮೊದಲು, 2007ರಲ್ಲಿ, ನಮ್ಮ ಕಡೆ ಸಾರಾಯಿ ಬಂದ್ ಆಗಿತ್ತು. ಒಂದು ಗಡಿ ದಾಟಿದರೆ ನಾಡಭಟ್ಟಿಯ ಹಣೆಬರಹ ಎಷ್ಟು ಬದಲಾಗುತ್ತದೆ, ಅಲ್ವಾ?

ನನ್ನ ಮಟ್ಟಿಗೆ ಏಪ್ರಿಲ್ ಮಧ್ಯಾಹ್ನಕ್ಕೆ ಉರ್ರಾಕ್, ಉಳಿದ ದಿನಕ್ಕೆ ತೆಂಗಿನದು. ಗೇರು ಫೆನಿ ವರ್ಷಕ್ಕೊಮ್ಮೆ ಸಾಕು, ಅದೂ ಮಾಮನ ಕೈಯಿಂದಲೇ. ಹೊರಡುವಾಗ ಅವರಿಗೆ ಇದನ್ನೇ ಹೇಳಿದೆ. ಅವರು ನಗದೆ, ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿ, "ಮೊದಲು ಕೋಲಾ ಬಿಟ್ಟೆಯಲ್ಲ, ಅಷ್ಟು ಸಾಕು" ಅಂದರು.