ಕರಿಕಲ್ಲಿನ ಕೊಡಲಿಯೋ, ಅಗೇಟಿನ ಅಲಗೋ?

ಕೈಯಿಂದಲೇ ಕಲ್ಲಿನ ಉಪಕರಣ ಮಾಡಬಯಸುವವರಿಗೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಎರಡು ದಾರಿಗಳಿವೆ. ಡೋಲರೈಟ್, ಅಂದರೆ ಕರಿಕಲ್ಲನ್ನು ಒಡೆದು, ಕುಟ್ಟಿ, ಮಸೆದು ಕೊಡಲಿ ಮಾಡುವುದು ಒಂದು. ಗಾಜಿನಂತೆ ನಯವಾಗಿ ಒಡೆಯುವ ಅಗೇಟ್ ಅಥವಾ ಚರ್ಟ್ ಎಂಬ ಕಲ್ಲುಗಳಿಂದ ತೆಳು ಅಲಗುಗಳನ್ನು ಎಬ್ಬಿಸುವುದು ಇನ್ನೊಂದು. ಹಣ ಕೊಟ್ಟು ಗುಜರಾತಿನಿಂದ ತರಿಸಿದ ಅಗೇಟಿನಲ್ಲಿ ಅರ್ಧದಷ್ಟು ಒಳಬಿರುಕಿನಿಂದ ಹಾಳಾದ ಮೇಲಂತೂ ನನ್ನ ಒಲವು ಕರಿಕಲ್ಲಿನ ಕಡೆಗೇ ಗಟ್ಟಿಯಾಗಿದೆ.

ಹರಿತದಲ್ಲಿ ಅಗೇಟನ್ನು ಮೀರಿಸುವಂತಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಸಿಕ್ಕಂಥ ಕಿರು ಅಲಗುಗಳು ಚರ್ಮವನ್ನೂ ಹಗ್ಗವನ್ನೂ ಸಲೀಸಾಗಿ ಕೊಯ್ಯುತ್ತವೆ. ಮರಕ್ಕೆ ಹೊಡೆದರೆ ಮಾತ್ರ ಬಾಯಿ ಮುರಿಯುತ್ತದೆ.

ಎರಡೂ ಕಲ್ಲುಗಳಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಮೆಟ್ಟಿಲು. ಪೆಟ್ಟಿನ ಬಲ ಸಾಲದಿದ್ದರೆ ಅಥವಾ ಕೋನ ತಪ್ಪಿದರೆ ಚಕ್ಕೆಯು ಕಲ್ಲಿನ ಮೈಯುದ್ದಕ್ಕೂ ಸಾಗದೆ ನಡುವೆಯೇ ತುಂಡಾಗಿ, ಅಲ್ಲೊಂದು ಮೆಟ್ಟಿಲನ್ನು ಬಿಟ್ಟುಹೋಗುತ್ತದೆ. ಮುಂದಿನ ಚಕ್ಕೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ, ಅದರ ಮುಂದಿನದೂ ಅಲ್ಲಿಗೇ; ಹೀಗೆ ನಡುವೆ ಹುಬ್ಬು ಉಳಿದು, ಅಂಚು ಮಾತ್ರ ಸವೆದು, ಕೊಡಲಿಯಾಗಬೇಕಿದ್ದ ಕಲ್ಲು ಗುಂಡಾಗುತ್ತದೆ. ಒರಟು ಹರಳಿನ ಡೋಲರೈಟಿನಲ್ಲಿ ಈ ಕಾಟ ಇನ್ನೂ ಹೆಚ್ಚು; ಆದ್ದರಿಂದ ಹರಳು ಕಣ್ಣಿಗೆ ಕಾಣದಷ್ಟು ನಯವಾದುದನ್ನೇ ಆರಿಸಬೇಕು.

ಆದರೆ ಡೋಲರೈಟಿನ ಮೆಟ್ಟಿಲಿಗೆ ಮದ್ದಿದೆ. ಬೆಣಚುಕಲ್ಲಿನ ಗುಂಡಿನಿಂದ ಹುಬ್ಬಿನ ಮೇಲೆ ಹಗುರವಾಗಿ, ಬಿಡದೆ ಕುಟ್ಟಿದರೆ ಅದು ಪುಡಿಯಾಗಿ ಉದುರುತ್ತದೆ. ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬಿರುಕು ದೂರ ಓಡುವುದಿಲ್ಲ. ಅಗೇಟನ್ನು ಹೀಗೆ ಕುಟ್ಟಿದರೆ ಒಳಗೆ ಬಿರುಕು ಹರಡಿ, ಮುಂದೊಂದು ಪೆಟ್ಟಿಗೆ ಇಡೀ ತುಂಡೇ ಒಡೆಯುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕೊಡಲಿಗೆ ಡೋಲರೈಟನ್ನೇ ಬಳಸಿದ್ದೇಕೆಂಬುದು ಕೈಗೆ ತಿಳಿಯುವುದು ಈ ಹಂತದಲ್ಲೇ.

ಮಸೆಯುವುದು ನಿಧಾನದ ಕೆಲಸ, ನಿಜ. ಗ್ರಾನೈಟ್ ಹಾಸಿನ ಮೇಲೆ ಮರಳು ಹರಡಿ, ನೀರು ಚಿಮುಕಿಸುತ್ತ ಉಜ್ಜಬೇಕು. ಮರಳಿನಲ್ಲಿಯೂ ಗ್ರಾನೈಟಿನಲ್ಲಿಯೂ ಇರುವ ಬೆಣಚು ಡೋಲರೈಟಿನ ಖನಿಜಗಳಿಗಿಂತ ಗಟ್ಟಿಯಾದ್ದರಿಂದ ಕಲ್ಲು ಸವೆಯುತ್ತದೆ. ನೀರಿಲ್ಲದೆ ಉಜ್ಜಬಾರದು, ಆ ಧೂಳು ಶ್ವಾಸಕೋಶಕ್ಕೆ ಕೇಡು. ಇಡೀ ಮೈಯನ್ನು ನುಣುಪಾಗಿಸುವ ಹಂಬಲವೂ ಬೇಡ: ಬಾಯಿಯನ್ನಷ್ಟೇ ಮಸೆದರೆ ಸಾಕು, ಕುಟ್ಟಿದ ಒರಟು ಮೈ ಮರದ ಹಿಡಿಯಲ್ಲಿ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಖರ್ಚಿನ ಮಾತಿಗೆ ಬಂದರೆ, ಕ್ವಾರಿಯ ಮಾಲೀಕರನ್ನು ಕೇಳಿ ತಂದ ಕರಿಕಲ್ಲಿನ ಚೂರುಗಳಿಗೆ ನಾನು ಏನೂ ಕೊಡುವುದಿಲ್ಲ. ಸಂಗನಕಲ್ಲಿನ ಗುಡ್ಡದಿಂದ ಮಾತ್ರ ಒಂದು ಚಕ್ಕೆಯನ್ನೂ ಎತ್ತಬಾರದು. ಸಂಜೆ ನಲ್ಲಿಯ ಬಳಿ ಕುಳಿತು ಮಸೆಯುವ ಅಭ್ಯಾಸ ನನಗಿದೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ ಅಗೇಟಿನ ಚೂರು ಹೆಕ್ಕುತ್ತ ಕೂರುವ ತಾಳ್ಮೆ ಇಲ್ಲ. ಉಳಿದ ಅಗೇಟನ್ನು ಬೇಕೆಂದ ಗೆಳೆಯರಿಗೆ ಕೊಟ್ಟುಬಿಟ್ಟಿದ್ದೇನೆ.